ಎತ್ತಿನ ಬಾಯಿ ತೆರೆದು ನೋಡುವ ನಾವು, ಮಗುವಿನ ಬಾಯಿಯನ್ನೂ ನೋಡೋಣ
(ಮನೆಯಲ್ಲೇ ಹಲ್ಲುಪುಡಿ ಮತ್ತು ಹಲ್ಲಿಗೆ ಹಿತವಾದ ಆಹಾರ: ಸದಸ್ಯರಿಗಾಗಿ ಒಂದು ಪಾಠ)



ಜಾನುವಾರು ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಮೊದಲು ಮಾಡುವ ಕೆಲಸ ಅದರ ಬಾಯಿ ತೆರೆದು ನೋಡುವುದು. ಹಾಲು ಹಲ್ಲೇ, ಎರಡು ಹಲ್ಲೇ, ನಾಲ್ಕು ಹಲ್ಲೇ, ಬಾಯಿಗೂಡಿದೆಯೇ ಎಂದು ಎಣಿಸಿ ವಯಸ್ಸು ಹೇಳುತ್ತೇವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಊರಿಗೆ ಹೋದರೂ ಈ ವಿದ್ಯೆ ಗೊತ್ತಿಲ್ಲದ ರೈತ ಸಿಗುವುದು ಕಷ್ಟ. ಆದರೆ ಮನೆಯಲ್ಲಿರುವ ಆರು ವರ್ಷದ ಮಗುವಿನ ಬಾಯಿ ತೆರೆದು ಹಲ್ಲು ಎಣಿಸಿದವರು ನಮ್ಮಲ್ಲಿ ಎಷ್ಟು ಜನ?

ಮಗುವಿಗೆ ಹಾಲು ಹಲ್ಲು 20. ಸುಮಾರು ಆರನೆಯ ವರ್ಷಕ್ಕೆ ಹಾಲು ಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಹೊಸದೊಂದು ದವಡೆ ಹಲ್ಲು ಹುಟ್ಟುತ್ತದೆ. ಹಳೆಯ ಹಲ್ಲು ಬಿದ್ದಿಲ್ಲವಾದ್ದರಿಂದ ತಂದೆ-ತಾಯಿ ಅದನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಹಿಡಿದರೆ "ಬೀಳುವ ಹಲ್ಲು, ಬಿಡು" ಎನ್ನುತ್ತಾರೆ. ಆದರೆ ಅದು ಸಾಯುವವರೆಗೆ ಇರಬೇಕಾದ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಮುದುಕರಿಗಷ್ಟೇ ಅಲ್ಲ.

ಹಲ್ಲು ಹುಳುಕಾಗುವುದು ಹೇಗೆ?

ಹುಳುಕು ಎಂಬ ಮಾತು ಕೇಳಿ ಹಲ್ಲಿನಲ್ಲಿ ಹುಳು ಇದೆಯೆಂದು ಅನೇಕರು ನಂಬಿದ್ದಾರೆ. ಹೊಗೆ ಹಾಕಿ ಹುಳು ತೆಗೆಯುತ್ತೇವೆ ಎನ್ನುವವರೂ ಇದ್ದಾರೆ. ಹಲ್ಲಿನಲ್ಲಿ ಹುಳು ಇರುವುದಿಲ್ಲ. ನಿಜವಾಗಿ ಅಲ್ಲಿ ನಡೆಯುವುದು ಹಾಲು ಉತ್ಪಾದಕರಾದ ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಹಾಲು ಹಾಕಿದರೆ ಏನಾಗುತ್ತದೆ? ಮೂಲೆಯಲ್ಲಿ ಅಂಟಿಕೊಂಡ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ, ಹಾಲು ಹುಳಿಯಾಗುತ್ತದೆ, ಸಂಘದಲ್ಲಿ ತಿರಸ್ಕಾರವಾಗುತ್ತದೆ. ಬಾಯಿಯಲ್ಲೂ ಅದೇ ಕಥೆ. ಹಲ್ಲಿನ ಸಂದಿಯಲ್ಲಿ ಅಂಟಿದ ಪದರದಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕಿಟ್ಟನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯಿಂದ ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು ಕರಗಿಸುತ್ತದೆ. ಜೊಲ್ಲು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆಮ್ಲವನ್ನು ತಣಿಸಿ, ಕರಗಿದ್ದನ್ನು ಸ್ವಲ್ಪಮಟ್ಟಿಗೆ ಮರಳಿ ತುಂಬುತ್ತದೆ. ಅಷ್ಟರಲ್ಲಿ ಮತ್ತೊಂದು ಕಪ್ಪು ಸಕ್ಕರೆ ಚಹಾ ಬಿದ್ದರೆ ಆ ರಿಪೇರಿಗೆ ಸಮಯವೇ ಸಿಗುವುದಿಲ್ಲ.

ಆದ್ದರಿಂದ ಎರಡು ಮಾತು ನೆನಪಿಡಿರಿ. ಕ್ಯಾನು ತೊಳೆದಂತೆ ದಿನಕ್ಕೆ ಎರಡು ಸಲ ಹಲ್ಲು ತಿಕ್ಕಬೇಕು. ಸಿಹಿ ಎಷ್ಟು ತಿಂದೆವು ಎಂಬುದರಷ್ಟೇ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ.

ಯಾವುದರಿಂದ ತಿಕ್ಕಬಾರದು?

ಕುಳ್ಳಿನ ಬೂದಿ, ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು: ಇವುಗಳಿಂದ ಹಲ್ಲು ಬೆಳ್ಳಗಾಗುವುದು ನಿಜ. ಕುಡುಗೋಲನ್ನು ಮಸೆಗಲ್ಲಿಗೆ ಹಿಡಿದಷ್ಟೂ ಹೊಳೆಯುತ್ತದೆ, ಆದರೆ ಅಲಗು ಸವೆಯುತ್ತದೆ. ಹಲ್ಲಿನ ಹೊದಿಕೆ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಮುಂದೆ ತಣ್ಣೀರು ತಗಲಿದರೂ ಜುಮ್ಮೆನ್ನುತ್ತದೆ.

ಇದಕ್ಕಿಂತ ಕೆಟ್ಟದ್ದು ಸುಟ್ಟ ತಂಬಾಕಿನ ಪುಡಿ ಮತ್ತು ನಶ್ಯ. ಇವನ್ನು ವಸಡಿಗೆ ತಿಕ್ಕುವ ಹೆಣ್ಣುಮಕ್ಕಳು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ನೋವು ಕಡಿಮೆಯಾದಂತೆ ಅನಿಸುತ್ತದೆ, ಆದರೆ ಚಟ ಅಂಟಿಕೊಳ್ಳುತ್ತದೆ, ಬಾಯಿ ಕ್ಯಾನ್ಸರಿಗೆ ದಾರಿಯಾಗುತ್ತದೆ. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ಅಂಗಡಿಯವರು ಮಾರಬಾರದ್ದನ್ನು ನಾವು ಒಲೆಯ ಮೇಲೆ ಹುರಿದು ಮಾಡಿಕೊಳ್ಳುವುದು ತರವೇ?

ಮನೆಯಲ್ಲಿ ಮಾಡುವ ವಿಧಾನ

1. ಬೇವಿನ ಹಲ್ಲುಪುಡಿ: ಎಳೆಯದೂ ಬಲಿತದ್ದೂ ಅಲ್ಲದ ಬೇವಿನ ಎಲೆಗಳನ್ನು ತೊಳೆದು ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿರಿ. ಕುಟ್ಟಿ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸಿರಿ. ನಾಲ್ಕು ಚಮಚ ಪುಡಿಗೆ ಒಂದು ಚಮಚ ಅಡುಗೆ ಸೋಡಾ, ಕಾಲು ಚಮಚ ನುಣ್ಣಗೆ ಅರೆದ ಉಪ್ಪು, ನಾಲ್ಕು ಲವಂಗದ ಪುಡಿ ಸೇರಿಸಿರಿ. ಸ್ವಲ್ಪ ಪುಡಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿರಿ. ಮರಳಿನಂತೆ ಚುಚ್ಚಿದರೆ ಮತ್ತೊಮ್ಮೆ ಸೋಸಿರಿ.

2. ಪೇಸ್ಟು: ನಾಲ್ಕು ಚಹಾ ಚಮಚ ಅಡುಗೆ ಸೋಡಾ, ಮೂರು ಚಹಾ ಚಮಚ ಕೊಬ್ಬರಿ ಎಣ್ಣೆ, ನಾಲ್ಕು ಲವಂಗದ ನುಣುಪಾದ ಪುಡಿ, ಕಾಲು ಚಮಚ ನುಣ್ಣನೆಯ ಉಪ್ಪು, ಒಂದು ಚಿಟಿಕೆ ಅರಿಶಿನ. ಇಷ್ಟನ್ನೂ ಒಣ ಬಟ್ಟಲಿನಲ್ಲಿ ಕಲಸಿ ಮುಚ್ಚಳದ ಡಬ್ಬಿಗೆ ತುಂಬಿರಿ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದು ಹೊತ್ತಿನಂತೆ ಸುಮಾರು ಎರಡು ವಾರ ಬರುತ್ತದೆ. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾದರೆ ಡಬ್ಬಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು.

ಎಚ್ಚರಿಕೆಗಳು:

• ಕ್ಯಾನು, ಪಾತ್ರೆ ತೊಳೆಯಲು ತಂದ ಬಟ್ಟೆ ಸೋಡಾ ನೋಡಲು ಅಡುಗೆ ಸೋಡಾದಂತೆಯೇ ಇರುತ್ತದೆ. ಅದು ಬಾಯಿಯನ್ನು ಸುಡುತ್ತದೆ. ಎರಡೂ ಡಬ್ಬಿಗಳನ್ನು ಬೇರೆ ಬೇರೆ ಕಡೆ ಇಟ್ಟು ಹೆಸರು ಬರೆಯಿರಿ. ಎಲೆಗೆ ಹಚ್ಚುವ ಸುಣ್ಣವನ್ನೂ ಹಲ್ಲಿಗೆ ತಿಕ್ಕಬೇಡಿರಿ.
• ಒದ್ದೆ ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಬೇಡಿರಿ. ಒಣ ಚಮಚದಿಂದ ತೆಗೆದುಕೊಳ್ಳಿರಿ. ನೀರು ಬಿದ್ದರೆ ಕೆಡುತ್ತದೆ.
• ತಿಕ್ಕಿದ ಮೇಲೆ ಉಗುಳಬೇಕು, ನುಂಗಬಾರದು.
• ಆರು ವರ್ಷದೊಳಗಿನ ಮಕ್ಕಳಿಗೆ ಲವಂಗ ಸೇರಿಸಿದ್ದು ಬೇಡ. ಬೇವಿನ ಎಣ್ಣೆಯನ್ನಂತೂ ಮಕ್ಕಳ ಬಾಯಿಗೆ ಹಾಕಲೇಬಾರದು. ಹೊಟ್ಟೆಗೆ ಹೋದರೆ ವಿಷ.

ಬೇವಿನ ಕಡ್ಡಿ ಬಳಸುವವರು ಕಿರುಬೆರಳಿನ ದಪ್ಪದ ಹಸಿ ಕಡ್ಡಿಯ ತುದಿಯನ್ನು ಜಗಿದು ಕುಂಚದಂತೆ ಮಾಡಿಕೊಂಡು, ಮೇಲಿನ ಹಲ್ಲನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನ ಹಲ್ಲನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕಿರಿ. ಗರಗಸದಂತೆ ಅಡ್ಡಡ್ಡ ಎಳೆದರೆ ವಸಡು ಹರಿಯುತ್ತದೆ.

ಮನೆಯ ಪುಡಿಯೊಂದೇ ಸಾಕೇ?

ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಮನೆಯ ಪುಡಿ ಹಲ್ಲನ್ನು ಸ್ವಚ್ಛ ಮಾಡುತ್ತದೆ, ಬಾಯಿಯ ವಾಸನೆ ಕಳೆಯುತ್ತದೆ. ಆದರೆ ಹುಳುಕು ತಡೆಯುವ ಫ್ಲೋರೈಡ್ ಎಂಬ ಅಂಶ ಅದರಲ್ಲಿಲ್ಲ. ಕರಗಿದ ಹೊದಿಕೆ ಮರಳಿ ಗಟ್ಟಿಯಾಗಲು ಫ್ಲೋರೈಡ್ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು. ಆದ್ದರಿಂದ ಬೆಳಿಗ್ಗೆ ಮನೆಯ ಪುಡಿ ಅಥವಾ ಬೇವಿನ ಕಡ್ಡಿ, ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟು ಎಂದು ರೂಢಿಸಿಕೊಳ್ಳಿರಿ. ಚಿಕ್ಕ ಮಕ್ಕಳಿಗೆ, ಹುಳುಕು ಹಿಡಿದವರಿಗೆ ಎರಡು ಹೊತ್ತೂ ಪೇಸ್ಟೇ ಒಳ್ಳೆಯದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಎರಡು ನಿಮಿಷ ತಿಕ್ಕಿ ಉಗುಳಿಸಿರಿ. ದೊಡ್ಡವರು ಎದುರಿಗೆ ನಿಂತು ತಿಕ್ಕಿಸಬೇಕು.

ಒಂದು ಅಪವಾದವಿದೆ. ಕೆಲವು ಕೊಳವೆಬಾವಿಗಳ ನೀರಿನಲ್ಲೇ ಫ್ಲೋರೈಡ್ ಅತಿಯಾಗಿರುತ್ತದೆ. ನೆರೆಯ ಗದಗ ಜಿಲ್ಲೆಯ ಮುಂಡರಗಿ ಭಾಗದ ಜನ ಇದರ ಕಷ್ಟ ಕಂಡಿದ್ದಾರೆ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ನಿಮ್ಮ ಊರಿನ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ ಹೆಚ್ಚಾಗಿ ಕಂಡರೆ ಗ್ರಾಮ ಪಂಚಾಯಿತಿಯ ಮೂಲಕ ನೀರು ಪರೀಕ್ಷೆ ಮಾಡಿಸಿರಿ. ಅಂಥ ಕಡೆ ಮಕ್ಕಳ ಪೇಸ್ಟಿನ ಬಗ್ಗೆ ದಂತ ವೈದ್ಯರನ್ನು ಕೇಳಿರಿ.

ಮನೆಗೊಂದು ಪಾಲು ಹಾಲು

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಆಕಳಿಗೆ ಖನಿಜ ಮಿಶ್ರಣ ತಪ್ಪದೆ ಹಾಕುತ್ತೇವೆ, ಹಾಕಬೇಕು. ಕ್ಯಾಲ್ಸಿಯಂ ಕಡಿಮೆಯಾದರೆ ಕರು ಹಾಕಿದ ಆಕಳು ಮಲಗಿಬಿಡುತ್ತದೆ ಎಂದು ನಮಗೆ ಗೊತ್ತು. ಆದರೆ ಎರಡು ಹೊತ್ತೂ ಹಿಂಡಿದ ಹಾಲನ್ನೆಲ್ಲ ಸಂಘಕ್ಕೆ ಹಾಕಿ, ಮನೆಯ ಮಕ್ಕಳಿಗೆ ಹಾಲು ಕಾಣದಂಥ ಚಹಾ ಮತ್ತು ಬಿಸ್ಕಿಟ್ಟು ಕೊಡುವ ಮನೆಗಳು ನಮ್ಮ ನಡುವೆ ಇಲ್ಲವೇ? ಬಿಲ್ಲಿನ ಹಣದ ಅಗತ್ಯ ಯಾರಿಗೂ ತಿಳಿಯದ್ದಲ್ಲ. ಆದರೂ ಈ ಲೆಕ್ಕ ನೋಡಿರಿ.

ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ, ಹತ್ತರಿಂದ ಹನ್ನೆರಡು ವರ್ಷದವರಿಗೆ 850 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನಮ್ಮ ಜೋಳದ ರೊಟ್ಟಿಯಲ್ಲಿ, ಅನ್ನದಲ್ಲಿ ಇದು ಬಹಳ ಕಡಿಮೆ. 100 ಗ್ರಾಂ ಜೋಳದಲ್ಲಿ ಸುಮಾರು 30 ಮಿಲಿಗ್ರಾಂ ಇದ್ದರೆ ಹೆಚ್ಚು.

• ಕಾಲು ಲೀಟರ್ ಆಕಳ ಹಾಲು: ಸುಮಾರು 300 ಮಿಲಿಗ್ರಾಂ. ಎಮ್ಮೆ ಹಾಲಿನಲ್ಲಿ ಇನ್ನೂ ಹೆಚ್ಚು.
• 50 ಗ್ರಾಂ ರಾಗಿ: ಸುಮಾರು 175 ಮಿಲಿಗ್ರಾಂ.
• 10 ಗ್ರಾಂ ಎಳ್ಳು: 100 ಮಿಲಿಗ್ರಾಂಗಿಂತ ಹೆಚ್ಚು.

ಇಷ್ಟರಲ್ಲೇ ಚಿಕ್ಕ ಮಗುವಿನ ಅಗತ್ಯದ ಬಹುಪಾಲು ತುಂಬಿತು. ಉಳಿದದ್ದನ್ನು ನುಗ್ಗೆ ಸೊಪ್ಪು, ರಾಜಗಿರಿ ಪಲ್ಯ, ರೊಟ್ಟಿಯ ಜೊತೆಗಿನ ಗುರೆಳ್ಳು ಚಟ್ನಿ ತುಂಬುತ್ತವೆ.

ಇನ್ನೊಂದು ಸಂಗತಿ. ಸಂಘದಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡುತ್ತಾರಲ್ಲ, ಕ್ಯಾಲ್ಸಿಯಂ ಇರುವುದು ಕೊಬ್ಬಿನಲ್ಲಲ್ಲ, ಎಸ್‌ಎನ್‌ಎಫ್ ಭಾಗದಲ್ಲಿ. ಆದ್ದರಿಂದ ಬೆಣ್ಣೆ ತೆಗೆದ ಮಜ್ಜಿಗೆಯನ್ನು ಸಪ್ಪೆಯೆಂದು ಚೆಲ್ಲಬೇಡಿರಿ. ತೆಳ್ಳಗೆ ನೀರು ಮಾಡದೆ ಮಕ್ಕಳಿಗೆ ಕುಡಿಸಿರಿ.

ಹಾಲು ಕುಡಿದರೆ ಹುಳುಕು ಹಲ್ಲು ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹಲ್ಲು ಕಟ್ಟಿಕೊಳ್ಳುವುದು ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ. ಮುಂಭಾಗದ ಹೆಚ್ಚಿನ ಹಲ್ಲುಗಳು ಎಂಟು ವರ್ಷದೊಳಗೆ ವಸಡಿನೊಳಗೇ ರೂಪುಗೊಳ್ಳುತ್ತವೆ. ಆ ಕಾಲದ ಆಹಾರ ಹಲ್ಲಿಗೆ ಬುನಾದಿ. ಆದ್ದರಿಂದ ಮನೆಯ ಪಾಲು ಹಾಲು ಮೊದಲು ಬಸುರಿಗೆ, ಬಾಣಂತಿಗೆ, ಚಿಕ್ಕ ಮಕ್ಕಳಿಗೆ ಸಲ್ಲಬೇಕು.

ಹಾಲಿಗೆ ಸಕ್ಕರೆ ಹಾಕದಿರುವುದು ಲೇಸು. ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಿದರೆ ಮುಂದಿನ ಮೇಲ್ಹಲ್ಲುಗಳೇ ಮೊದಲು ಹಾಳಾಗುತ್ತವೆ. ದಿನಕ್ಕೆ ನಾಲ್ಕು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚ ಎಂದರೆ 40 ಗ್ರಾಂ ಸಕ್ಕರೆ. ದೊಡ್ಡವರಿಗೂ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಬೆಲ್ಲವೂ ಹಲ್ಲಿಗೆ ಸಕ್ಕರೆಯೇ. ಉಂಡಿ, ಚಿಕ್ಕಿ ತಿನ್ನುವುದಿದ್ದರೆ ಊಟದ ಜೊತೆಗೇ ತಿಂದು ಬಾಯಿ ಮುಕ್ಕಳಿಸಿರಿ.

ಎಲೆ, ಅಡಿಕೆ, ಗುಟಕಾ

ಸವಣೂರಿನ ಎಲೆಗೆ ದೂರದವರೆಗೂ ಹೆಸರಿದೆ. ಹಾನಗಲ್ಲ, ಹಿರೇಕೆರೂರು ಕಡೆ ಅಡಿಕೆ ತೋಟಗಳಿವೆ. ಇದು ನಮ್ಮ ರೈತರ ಅನ್ನ. ಹಾಗೆಂದು ಸತ್ಯ ಮರೆಮಾಡಲಾಗದು. ತಂಬಾಕು ಇಲ್ಲದೆಯೂ ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಗುಟಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದರೂ, ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬೆರೆಸುವ ಹುಡುಗರನ್ನು ನಾವೇ ಕಾಣುತ್ತೇವೆ. ನಿಮ್ಮ ಮಗನಿಗೆ ಮೂರು ಬೆರಳು ನೇರವಾಗಿ ಜೋಡಿಸಿ ಬಾಯಿಯೊಳಗೆ ಇಡಲು ಹೇಳಿರಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತದೆ ಎಂದರೆ ತಡಮಾಡಬೇಡಿರಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

• ಹಲ್ಲಿನಲ್ಲಿ ಕಪ್ಪು ಗುಳಿ ಕಂಡ ಕೂಡಲೇ, ನೋವು ಬರುವ ಮೊದಲೇ.
• ತಿಕ್ಕುವಾಗ ವಸಡಿನಿಂದ ರಕ್ತ ಬರುತ್ತಲೇ ಇದ್ದರೆ. ಸಕ್ಕರೆ ಕಾಯಿಲೆಯವರು ಇದನ್ನು ಅಸಡ್ಡೆ ಮಾಡಬಾರದು.
• ಎರಡು ವಾರ ಕಳೆದರೂ ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಮಾಯದಿದ್ದರೆ.
• ಮುಖ ಬಾತು ಜ್ವರ ಬಂದರೆ ಅಂದೇ.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸತ್ತೂರಿನಲ್ಲಿ, ದಾವಣಗೆರೆಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ.

ಹಾಲಿನವರು ತಿಳಿದಿರಲೇಬೇಕಾದ ಮಾತೊಂದು ಉಳಿದಿದೆ. ಬಿದ್ದೋ ಎಮ್ಮೆ ಒದ್ದೋ ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದರೆ ಎಸೆಯಬೇಡಿರಿ. ಬೇರನ್ನು ಮುಟ್ಟದೆ, ತಿಕ್ಕದೆ, ಮೇಲ್ಭಾಗ ಹಿಡಿದೆತ್ತಿ ತಣ್ಣಗಿನ ಹಾಲಿನ ಲೋಟದಲ್ಲಿ ಹಾಕಿ, ಒಂದು ಗಂಟೆಯೊಳಗೆ ದಂತ ವೈದ್ಯರ ಬಳಿ ಒಯ್ಯಿರಿ. ಅದನ್ನು ಮರಳಿ ಕೂಡಿಸಲು ಸಾಧ್ಯವಿದೆ. ಹಾಲು ಹಲ್ಲಾದರೆ ಮರಳಿ ಕೂಡಿಸುವುದಿಲ್ಲ. ಆದರೂ ಮಗುವನ್ನು ತೋರಿಸಿರಿ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದ ಸದಸ್ಯರಲ್ಲಿ ಎಷ್ಟು ಮನೆಗಳು ದಿನವೂ ಮಕ್ಕಳಿಗೆ ಹಾಲು ಉಳಿಸಿಕೊಳ್ಳುತ್ತವೆ?
2. ಊರಿನ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಆಗಿದೆಯೇ?
3. ಶಾಲೆಯಲ್ಲಿ ದಂತ ತಪಾಸಣೆ ಮಾಡಿಸಲು ಯಾರನ್ನು ಕೇಳಬೇಕು?

ಇಂದು ಸಂಜೆ ಸಂಘಕ್ಕೆ ಹಾಲು ಹಾಕಲು ಹೊರಡುವ ಮುಂಚೆ ಮಕ್ಕಳ ಪಾಲನ್ನು ಬೇರೆ ಪಾತ್ರೆಗೆ ಸುರಿದಿಡಿರಿ. ಬಂದ ಮೇಲೆ ಬೆಳಕಿಗೆ ಕೂರಿಸಿಕೊಂಡು ಅವರ ಹಲ್ಲು ಎಣಿಸಿರಿ.