ಗೆಳೆಯರ ಫ್ಯಾಂಟಸಿ ಕ್ರಿಕೆಟ್: ತಂಡ ಕಟ್ಟುವುದು, ನಿಭಾಯಿಸುವುದು

ನಿಜವಾದ ಪಂದ್ಯಗಳ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುವ ಆಟವೇ ಫ್ಯಾಂಟಸಿ ಕ್ರಿಕೆಟ್. ಆಟಗಾರ ಮೈದಾನದಲ್ಲಿ ಗಳಿಸಿದ ರನ್, ವಿಕೆಟ್, ಕ್ಯಾಚುಗಳು ಅಂಕಗಳಾಗಿ ಆತನನ್ನು ಆರಿಸಿದವರ ಖಾತೆಗೆ ಸೇರುತ್ತವೆ. 1980ರಲ್ಲಿ ಅಮೆರಿಕದ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಬೇಸ್‌ಬಾಲ್‌ಗಾಗಿ ಆರಂಭಿಸಿದ ಲೀಗ್ ಇದಕ್ಕೆ ಮಾದರಿ. ಅಲ್ಲಿ ಒಬ್ಬ ಆಟಗಾರ ಒಬ್ಬರ ತಂಡದಲ್ಲಿ ಮಾತ್ರ ಇರುತ್ತಾನೆ. ಟೂರ್ನಿ ಮುಗಿಯುವವರೆಗೆ ಆ ತಂಡವನ್ನು ನಿಭಾಯಿಸಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಹಂಚಿಹೋದ ಗೆಳೆಯರ ಬಳಗವೂ ಐಪಿಎಲ್ ಹೊತ್ತಿಗೆ ಇದನ್ನು ನಡೆಸಬಹುದು.

1. ಲೆಕ್ಕ ಹಾಕುವುದು

ಐಪಿಎಲ್‌ನ 10 ತಂಡಗಳು ಪಂದ್ಯದ ನಡುವೆ ಬದಲಿಯಾಗಿ ಇಳಿಯುವ ಇಂಪ್ಯಾಕ್ಟ್ ಆಟಗಾರನೂ ಸೇರಿ ತಲಾ 12 ಮಂದಿಯನ್ನು ಆಡಿಸುತ್ತವೆ. ಅಂದರೆ ಒಂದು ಸುತ್ತಿನಲ್ಲಿ ಕಣಕ್ಕಿಳಿಯುವವರು 120 ಮಂದಿ. ಎಂಟು ಗೆಳೆಯರು ತಲಾ 15 ಆಟಗಾರರನ್ನು ಪಡೆದರೆ ಅಷ್ಟೂ ಜನ ಖಾಲಿ. ಗಾಯಗೊಂಡವರ ಜಾಗಕ್ಕೆ ಯಾರೂ ಉಳಿಯುವುದಿಲ್ಲ. ಆರು ಮಂದಿಯ ಬಳಗವಾದರೆ 30 ಆಟಗಾರರು ಉಳಿಯುತ್ತಾರೆ. ಪ್ರತಿಯೊಬ್ಬರ ಹದಿನೈದರಲ್ಲಿ ಹನ್ನೊಂದು ಜನ ಕಣದಲ್ಲಿ, ನಾಲ್ವರು ಬೆಂಚಿನಲ್ಲಿ ಇರಲಿ. ರನ್ನಿಗೆ 1, ಕ್ಯಾಚಿಗೆ 8, ವಿಕೆಟಿಗೆ 25 ಅಂಕ ಎಂಬಂಥ ಸರಳ ಪಟ್ಟಿಯನ್ನು ಮೊದಲೇ ಬರೆದಿಡಬೇಕು.

2. ಹರಾಜು

ಹರಾಜಿಗೆ ಎಲ್ಲರೂ ಒಂದೆಡೆ ಕೂಡುವುದು ಒಳ್ಳೆಯದು. ಪ್ರತಿಯೊಬ್ಬರಿಗೂ 100 ಕಾಲ್ಪನಿಕ ಅಂಕಗಳ ಬಂಡವಾಳ ಕೊಡಬೇಕು. ಮೊದಲ ಐವರಿಗೆ 60ಕ್ಕಿಂತ ಹೆಚ್ಚು ಸುರಿದರೆ ಉಳಿದ ಹತ್ತು ಜಾಗ ಸೊರಗುತ್ತವೆ. 2025ರಲ್ಲಿ ಆರ್‌ಸಿಬಿ ಮೊದಲ ಬಾರಿ ಕಪ್ ಗೆದ್ದ ಮೇಲೆ ಆ ತಂಡದವರಿಗೆ ಅಭಿಮಾನದಿಂದಲೇ ಬೆಲೆ ಏರುವುದು ಸಹಜ. ಅಂಥ ಹೊತ್ತಿನಲ್ಲಿ ಬೇರೆ ತಂಡದ ಒಳ್ಳೆಯ ಆಟಗಾರ ಅಗ್ಗಕ್ಕೆ ಸಿಗುತ್ತಾನೆ.

3. ಸಮತೋಲನ

ಒಂದು ಇನಿಂಗ್ಸ್‌ನಲ್ಲಿ ಇರುವುದು 120 ಎಸೆತ. ಆದ್ದರಿಂದ ಮೊದಲ ಮೂರು ಕ್ರಮಾಂಕದಲ್ಲಿ ಆಡುವ ಬ್ಯಾಟರ್‌ಗೆ ಹೆಚ್ಚು ಅವಕಾಶ. ಬೌಲರ್‌ಗಳಲ್ಲಿ ನಾಲ್ಕೂ ಓವರ್ ಪೂರೈಸುವವರನ್ನು, ಅದರಲ್ಲೂ ಕೊನೆಯ ಓವರ್‌ಗಳಲ್ಲಿ ಎಸೆಯುವವರನ್ನು ಆರಿಸಬೇಕು. ಎರಡೂ ಕಡೆಯಿಂದ ಅಂಕ ತರುವ ಆಲ್‌ರೌಂಡರ್‌ಗಳು ಕನಿಷ್ಠ ಮೂವರಿರಬೇಕು.

4. ವಾರದ ಕೆಲಸ

ಗೆಲುವನ್ನು ನಿರ್ಧರಿಸುವುದು ಈ ಹಂತವೇ. ಪ್ರತಿ ವಾರ ವೇಳಾಪಟ್ಟಿ ನೋಡಿ, ಆ ವಾರ ಎರಡು ಪಂದ್ಯಗಳಿರುವ ತಂಡಗಳ ಆಟಗಾರರನ್ನು ಕಣಕ್ಕಿಳಿಸಬೇಕು. ಒಂದೇ ಪಂದ್ಯವಿರುವವರು ಬೆಂಚಿನಲ್ಲಿರಲಿ. ಸಂಜೆ 7.30ರ ಪಂದ್ಯಕ್ಕೆ 7 ಗಂಟೆಗೆ ಟಾಸ್ ಆಗಿ ಹನ್ನೊಂದರ ಪಟ್ಟಿ ಹೊರಬೀಳುತ್ತದೆ. ವಾರದ ಮೊದಲ ಎಸೆತ ಬೀಳುವ ಮುನ್ನ ಎಲ್ಲರ ಪಟ್ಟಿಯೂ ವಾಟ್ಸ್ಆ್ಯಪ್ ಗುಂಪಿಗೆ ಬಂದಿರಬೇಕು. ಎರಡು ಪಂದ್ಯಗಳಲ್ಲಿ ವಿಫಲನಾದ ಮಾತ್ರಕ್ಕೆ ಒಳ್ಳೆಯ ಆಟಗಾರನನ್ನು ಕೈಬಿಡಬಾರದು. ಆತನ ಕ್ರಮಾಂಕ ಅಥವಾ ಓವರ್‌ಗಳು ಕಡಿಮೆಯಾದರೆ ಮಾತ್ರ ಬದಲಿಸಬೇಕು.

5. ಬದಲಿ ಮತ್ತು ವಿನಿಮಯ

ವಾರಕ್ಕೆ ಇಬ್ಬರನ್ನು ಬದಲಿಸಲು ಅವಕಾಶವಿರಲಿ. ಉಳಿದ ಆಟಗಾರರನ್ನು ಆರಿಸುವ ಮೊದಲ ಹಕ್ಕು ಪಟ್ಟಿಯಲ್ಲಿ ಕೊನೆಯಲ್ಲಿರುವವರಿಗೆ ಸಿಕ್ಕರೆ ಸ್ಪರ್ಧೆ ಜೀವಂತವಾಗಿರುತ್ತದೆ. ಇಬ್ಬರ ನಡುವಿನ ವಿನಿಮಯ ಗುಂಪಿನಲ್ಲಿ ಬರಹರೂಪದಲ್ಲೇ ಆಗಬೇಕು. ತಂಡಗಳು ಹತ್ತು ಪಂದ್ಯ ಮುಗಿಸಿದ ಮೇಲೆ ವಿನಿಮಯ ನಿಲ್ಲಿಸಬೇಕು. ಆಗ ಸೋತವರು ಗೆಳೆಯನಿಗೆ ಆಟಗಾರರನ್ನು ಬಿಟ್ಟುಕೊಡುವ ಜಗಳ ತಪ್ಪುತ್ತದೆ.

6. ಮುಕ್ತಾಯ

2025ರ ಟೂರ್ನಿಯಲ್ಲಿ 70 ಲೀಗ್ ಪಂದ್ಯಗಳ ನಂತರ ನಾಲ್ಕು ತಂಡಗಳಷ್ಟೇ ಉಳಿದವು. ಹೊರಬಿದ್ದ ತಂಡಗಳ ಆಟಗಾರರನ್ನು ಹೊಂದಿದವರಿಗೆ ಅನ್ಯಾಯವಾಗದಿರಲು ಗೆಳೆಯರ ಲೀಗ್ ಪ್ಲೇಆಫ್‌ಗೆ ಮುನ್ನವೇ ಮುಗಿಯಬೇಕು. ಮೊದಲ ಸಲ ನಡೆಸುವವರು 2022ರಲ್ಲಿ ಶುರುವಾದ ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿಯಲ್ಲಿ ಅಭ್ಯಾಸ ಮಾಡಬಹುದು. ಅದರಲ್ಲಿ ಹುಬ್ಬಳ್ಳಿ ಟೈಗರ್ಸ್ ಸೇರಿ ಆರೇ ತಂಡ, ಹಾಗಾಗಿ ನಾಲ್ವರು ಗೆಳೆಯರು ಸಾಕು.

ಹಣ ಬೇಡ

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಫ್ಯಾಂಟಸಿ ಆಟದ ಆ್ಯಪ್ ಡ್ರೀಮ್11 ಕೂಡ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಗೆಳೆಯರ ನಡುವೆಯೂ ಪ್ರವೇಶ ಶುಲ್ಕ, ಪಣ ಇರಬಾರದು. ಗೆದ್ದವರೇ ಎಲ್ಲರಿಗೂ ಗೋಕಾಕದ ಕರದಂಟು ಹಂಚಿದರೆ ಸಾಕು. ದುಡ್ಡು ನುಸುಳಿದ ಕಡೆ ಆಟವೂ ಕೆಡುತ್ತದೆ, ಗೆಳೆತನವೂ ಕೆಡುತ್ತದೆ.