ಆ ಹಣ ನಿಮಗೆ ಯಾವಾಗ ಬೇಕು?

ಪ್ರಶ್ನೆ: ನಾನು ಹಾಸನದವನು, ವಯಸ್ಸು 44. ಕೆಲಸ ನೋಯ್ಡಾ ಸೆಕ್ಟರ್ 62ರಲ್ಲಿ, ಮನೆ ಇಂದಿರಾಪುರಂನಲ್ಲಿ; ಫ್ಲ್ಯಾಟಿನ ಸಾಲ ಇನ್ನೂ ಇದೆ. ಇಂಡೆಕ್ಸ್ ಫಂಡ್‌ನಲ್ಲಿ ಹತ್ತು ಲಕ್ಷ, ಐದಾರು ಕಂಪನಿಗಳ ಷೇರಿನಲ್ಲಿ ಆರು ಲಕ್ಷ ಹಾಕಿದ್ದೇನೆ. ಮಾರುಕಟ್ಟೆ ಇಳಿಯುತ್ತಲೇ ಇದೆ. ಅಪ್ಪ "ಎಲ್ಲ ಮಾರಿ ಎಫ್‌ಡಿ ಇಡು" ಅನ್ನುತ್ತಾರೆ. ಆಫೀಸಿನ ಗೆಳೆಯ "ಪರ್ಸನಲ್ ಲೋನ್ ತೆಗೆದಾದರೂ ಈಗಲೇ ಕೊಂಡುಕೋ" ಅನ್ನುತ್ತಾನೆ. ಮಗಳು ಎರಡು ವರ್ಷದಲ್ಲಿ ಇಂಜಿನಿಯರಿಂಗ್ ಸೇರುತ್ತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸಹಜ. 2024ರ ಸೆಪ್ಟೆಂಬರ್ ಕೊನೆಯಲ್ಲಿ 26,000 ದಾಟಿದ್ದ ನಿಫ್ಟಿ, 2025ರ ಮಾರ್ಚ್ ಮೊದಲ ವಾರದಲ್ಲಿ 22,000ದ ಆಸುಪಾಸಿಗೆ ಬಂದಿತ್ತು. ಸತತ ಐದು ತಿಂಗಳು ಇಳಿದದ್ದು 1996ರ ನಂತರ ಅದೇ ಮೊದಲು. ಅಪ್ಪ, ಗೆಳೆಯ ಇಬ್ಬರೂ ಮಾರುಕಟ್ಟೆ ಮುಂದೆ ಎತ್ತ ಹೋದೀತೆಂದು ಊಹಿಸಿ ಮಾತಾಡುತ್ತಿದ್ದಾರೆ. ಅದು ಯಾರಿಗೂ ಗೊತ್ತಿಲ್ಲ. ಮಗಳ ಫೀಸು ಯಾವಾಗ ಕಟ್ಟಬೇಕೆಂಬುದು ಮಾತ್ರ ನಿಮಗೆ ಗೊತ್ತು. ಲೆಕ್ಕವನ್ನು ಅಲ್ಲಿಂದ ಶುರುಮಾಡಿ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ 13ರಷ್ಟು ಕುಸಿಯಿತು. ನವೆಂಬರ್ ಹೊತ್ತಿಗೆ ಹಳೆಯ ಎತ್ತರವನ್ನೂ ದಾಟಿತು. 2008ರಲ್ಲಿ ಹಾಗಾಗಲಿಲ್ಲ. ಜನವರಿಯಲ್ಲಿ 21,000 ಮುಟ್ಟಿದ್ದು ಅಕ್ಟೋಬರ್‌ನಲ್ಲಿ 8,000ಕ್ಕೂ ಕೆಳಗಿಳಿಯಿತು. ಮತ್ತೆ 21,000 ಕಂಡದ್ದು 2010ರ ನವೆಂಬರ್‌ನಲ್ಲಿ. ಆ ಜನವರಿಯಲ್ಲಿ ಹಣ ಹಾಕಿ, ಎರಡೇ ವರ್ಷಕ್ಕೆ ಫೀಸು ಕಟ್ಟಬೇಕಿದ್ದ ತಂದೆಗೆ ನಷ್ಟದಲ್ಲೇ ಮಾರದೆ ದಾರಿಯಿರಲಿಲ್ಲ. ಹತ್ತು ವರ್ಷ ಕಾಯಬಲ್ಲವರಿಗೆ ಅದೇ ಕುಸಿತ ಬಾಧಿಸಲಿಲ್ಲ.

ಹಾಗಾಗಿ ಮಗಳ ಮೊದಲ ಎರಡು ವರ್ಷದ ಫೀಸು, ಹಾಸ್ಟೆಲ್ ಖರ್ಚಿನಷ್ಟನ್ನು ಈಗಲೇ ಎಫ್‌ಡಿಗೆ ಹಾಕಿ. ಒಂದು ವರ್ಷಕ್ಕಿಂತ ಹಳೆಯ ಯೂನಿಟ್‌ಗಳನ್ನು ಮಾರಿದರೆ, ಆರ್ಥಿಕ ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗಿನ ಲಾಭಕ್ಕೆ ತೆರಿಗೆಯಿಲ್ಲ. ಸ್ವಲ್ಪವನ್ನು ಮಾರ್ಚ್ 31ರೊಳಗೆ, ಉಳಿದದ್ದನ್ನು ಏಪ್ರಿಲ್‌ನಲ್ಲಿ ತೆಗೆದರೆ ಎರಡೂ ವರ್ಷದ ವಿನಾಯಿತಿ ಸಿಗುತ್ತದೆ. ಜೊತೆಗೆ ಆರು ತಿಂಗಳ ಮನೆಖರ್ಚು, ಇಎಂಐ ಬ್ಯಾಂಕಿನಲ್ಲಿರಲಿ. ಕೆಲಸಕ್ಕೆ ಕುತ್ತು ಬಂದರೆ ಇಳಿದ ಬೆಲೆಗೆ ಮಾರುವ ಪ್ರಸಂಗ ಬರಬಾರದು.

ಇಂಡೆಕ್ಸ್ ಫಂಡ್‌ನಲ್ಲಿ ಉಳಿಯುವುದು ನಿಮ್ಮ ನಿವೃತ್ತಿಯ ಹಣ. ಅದಕ್ಕೆ ಇನ್ನೂ ಹದಿನೈದು ವರ್ಷ ಇದೆ. ಅದನ್ನು ಮುಟ್ಟಬೇಡಿ. ಎಸ್‌ಐಪಿ ಇದ್ದರೆ ನಿಲ್ಲಿಸಬೇಡಿ. ಬೆಲೆ ಇಳಿದಾಗ ಅದೇ ಕಂತಿಗೆ ಹೆಚ್ಚು ಯೂನಿಟ್ ಬರುತ್ತದೆ.

ಬಿಡಿ ಷೇರುಗಳ ವಿಷಯ ಬೇರೆ. ಸೂಚ್ಯಂಕ ಚೇತರಿಸಿದರೆ ಪ್ರತಿ ಕಂಪನಿಯೂ ಚೇತರಿಸುತ್ತದೆ ಎಂದೇನಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ಹಾರಾಟ ನಿಲ್ಲಿಸಿತು. ಆಮೇಲೆ ಸೆನ್ಸೆಕ್ಸ್ ಎಷ್ಟೋ ಪಟ್ಟು ಏರಿದರೂ ಆ ಷೇರು ಹಿಡಿದು ಕೂತವರ ಹಣ ಮರಳಲಿಲ್ಲ. ಒಂದೊಂದೇ ಷೇರು ಮುಂದಿಟ್ಟುಕೊಂಡು ಕೇಳಿಕೊಳ್ಳಿ: ಕೊಂಡ ಬೆಲೆ ಮರೆತು, ಇವತ್ತಿನ ಬೆಲೆಗೆ ಇದನ್ನು ಹೊಸದಾಗಿ ಕೊಳ್ಳುತ್ತೇನೆಯೆ? ಕಂಪನಿಯ ಸಾಲ, ಲಾಭ ನೋಡಿ ಉತ್ತರ ಕೊಡಿ. "ಇಲ್ಲ" ಎಂದಾದರೆ ಮಾರಿ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ಎಂಟು ವರ್ಷದ ಷೇರು ಲಾಭಕ್ಕೆ ವಜಾ ಹಾಕಿಕೊಳ್ಳಬಹುದು.

ಗೆಳೆಯನ ಮಾತು ಮಾತ್ರ ಖಂಡಿತ ಕೇಳಬೇಡಿ. ಷೇರು ಏರಲಿ ಬಿಡಲಿ, ಸಾಲದ ಕಂತು ಮುಂದಿನ ತಿಂಗಳಿನಿಂದಲೇ ಶುರು. ಮನೆಸಾಲ ಹೊತ್ತವರು ಆ ಭಾರ ಹೊರಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ನಿಲ್ಲದಿದ್ದರೆ, ಷೇರಿನಲ್ಲಿರುವ ಪಾಲು ನೀವು ತಾಳಿಕೊಳ್ಳುವುದಕ್ಕಿಂತ ಹೆಚ್ಚಾಗಿದೆ ಎಂದು ತಿಳಿಯಿರಿ. ಅದು ನಾಚಿಕೆಪಡುವ ವಿಷಯವಲ್ಲ. ಹೊಸ ಉಳಿತಾಯದ ಅರ್ಧವನ್ನು ಪಿಪಿಎಫ್‌ಗೆ ತಿರುಗಿಸಿ, ಪಾಲನ್ನು ಮೆಲ್ಲಗೆ ತಗ್ಗಿಸಿಕೊಳ್ಳಿ. ಹೆದರಿದ ದಿನ ಎಲ್ಲವನ್ನೂ ಒಮ್ಮೆಗೇ ಮಾರುವ ನಿರ್ಧಾರ ಮಾತ್ರ ಬೇಡ.