ಹಾರ್ನ್ ಯಾಕೆ ಹೊಡೆಯಲಿಲ್ಲ ಎಂದರೆ

ಕಾಡುಕೋಣದ ಎದುರು ಇಂಜಿನ್ ಬಂದ್ ಮಾಡಿ ಕೂತ ಅಂಜುಬುರುಕ ಅಂತ ಬೀಗರ ಮನೆಗಳಲ್ಲೆಲ್ಲ ನನ್ನ ಹೆಸರು ಓಡಾಡುತ್ತಿದೆ. ಹಬ್ಬಿಸಿದವರು ನಮ್ಮ ಷಡ್ಡಕರು. ಹುಬ್ಬಳ್ಳಿಯವರು, ಸಿಗ್ನಲ್ಲಿನಲ್ಲಿ ಕೆಂಪು ದೀಪ ಇದ್ದರೂ ಹಾರ್ನ್ ಹೊಡೆಯುವ ಪೈಕಿ. ಆ ದಿನ ಗಾಡಿ ಓಡಿಸಿದವನು ನಾನು. ಹಿಂದಿನ ಸೀಟಿನಲ್ಲಿ ನನ್ನ ಅವ್ವ, ಹೆಂಡತಿ, ಮಗಳು ಇದ್ದರು. ನಡೆದದ್ದನ್ನು ನಾನೇ ಹೇಳುವುದು ಒಳ್ಳೆಯದು.

ಹೆಸರು ಒಕ್ಕಲಿ ಮುಗಿದಿತ್ತು, ಹಿಂಗಾರಿ ಬಿತ್ತನೆಗೆ ಹೊಲ ಇನ್ನೂ ಹದಕ್ಕೆ ಬಂದಿರಲಿಲ್ಲ. ಮೊರಬದಲ್ಲಿ ಒಕ್ಕಲುತನ ಮಾಡುವವರಿಗೆ ಊರು ಬಿಡಲು ಸಿಗುವ ಸಂದು ಅದೊಂದೇ. ನಸುಕಿನಲ್ಲಿ ಹೊರಟು ಧಾರವಾಡ, ಹಳಿಯಾಳ ದಾಟಿ ದಾಂಡೇಲಿಗೆ ಬಂದೆವು. ಅಲ್ಲಿನ ಕಟ್ಟಿಗೆ ಡಿಪೋದ ಹತ್ತಿರ ಮಂಗಟ್ಟೆ ಹಕ್ಕಿಗಳು ಕಂಡವು; ಹಾರಿದರೆ ರೆಕ್ಕೆಯ ಸಪ್ಪಳ ಕೆಳಗೆ ನಿಂತವರ ಕಿವಿಗೇ ಬೀಳುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಸೇರಿ ಬಾಯಿ ಮೆತ್ತಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸುತ್ತದೆ ಎಂದು ಮಗಳು ವಿವರಿಸಿದಳು. ಅವ್ವ, "ಬಾಣಂತನ ಅಂದ್ರ ಹಂಗಿರಬೇಕು. ನಿಮ್ಮಜ್ಜ ಆವಾಗ ಸಂತಿಗೆ ಹೋಗಿದ್ದ" ಎಂದಳು.

ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. 2007ರಲ್ಲಿ ಎರಡೂ ಸೇರಿ ಹುಲಿ ಮೀಸಲಾದವು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಜನ ಹುಲಿಗೆ, ಕರಿ ಚಿರತೆಗೆ ಆಸೆಪಟ್ಟು ಬರುತ್ತಾರೆ. ನಮಗೆ ಎರಡೂ ಕಾಣಲಿಲ್ಲ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಂಡಿತು, ಅಣಶಿಯಲ್ಲಿ ಬಾಲ ಇಳಿಬಿಟ್ಟು ಕೂತ ಕೆಂದಳಿಲು ಕಂಡಿತು. ಘಟ್ಟ ಇಳಿದು ಕದ್ರಾದಲ್ಲಿ ಊಟಕ್ಕೆ ಕೂತೆವು. ಷಡ್ಡಕರು ಉಂಡು, ಎಲೆ ಅಡಿಕೆ ಹಾಕಿ, ನೀರಿನ ದಂಡೆಗೆ ಫೋಟೋಕ್ಕೆಂದು ಹೋದವರು ಬಿಸಿಲು ಇಳಿದ ಮೇಲೆ ಬಂದರು. ಕತ್ತಲಿಗೆ ಮುಂಚೆ ಕಾಡು ದಾಟಬೇಕು ಅಂತ ಫೋನ್ ಮೇಲೆ ಫೋನ್ ಮಾಡಿದೆ. ಅಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಆಮೇಲೆ ಆದದ್ದಕ್ಕೆಲ್ಲ ಆ ಫೋಟೋಗಳೇ ಮೂಲ.

ಘಟ್ಟ ಹತ್ತಿ ಅಣಶಿ ಬಿಟ್ಟು ಕುಂಬಾರವಾಡಾ ಕಡೆ ಹೊರಳಿದಾಗ ಮಂಜು ಇಳಿದಿತ್ತು, ಜಿಬಿಜಿಬಿ ಮಳೆ. ಒಂದು ತಿರುವು ದಾಟಿದೆ, ರಸ್ತೆಯ ನಡುವೆ ಬಣವಿ ಒಟ್ಟಿದಂತೆ ಏನೋ ಕಪ್ಪಗೆ ನಿಂತಿದೆ. ಬ್ರೇಕ್ ಹಾಕಿದೆ. ಮೊದಲು ತೋರಿದ್ದು ಮೊಣಕಾಲಿನ ಕೆಳಗಿನ ಬಿಳುಪು, ಆಮೇಲೆ ಕೋಡು. ಟನ್ನಿನಷ್ಟು ತೂಗಬಲ್ಲ ಪ್ರಾಣಿ ಅದು. ನಮ್ಮತ್ತ ಮುಖ ಮಾಡಲಿಲ್ಲ. ಅಡ್ಡ ತಿರುಗಿ ತನ್ನ ಪೂರಾ ಮೈ ತೋರಿಸಿ ನಿಂತಿತು. ಕೋಣ ಹಾಗೆ ಅಡ್ಡ ನಿಲ್ಲುವುದು ತನ್ನ ಗಾತ್ರ ತೋರಿಸಿ ಎದುರಾಳಿಯನ್ನು ಹೆದರಿಸುವುದಕ್ಕೆ. ಷಡ್ಡಕರಿಗೆ ಅದು ಫೋಟೋಕ್ಕೆ ನಿಂತಂತೆ ಕಂಡಿತು.

"ಅಣ್ಣಾರ, ಒಂದ್ ಹಾರ್ನ್ ಹೊಡೀರಿ, ಸರೀತೈತಿ" ಎಂದರು. ಮೊಬೈಲ್ ಹಿಡಿದು ಕಿಟಕಿಯ ಗಾಜು ಇಳಿಸಿದರು.

ಅಷ್ಟರಲ್ಲಿ ಎಡಗಡೆಯ ಗಟಾರದಲ್ಲಿ ಏನೋ ಮಿಸುಕಾಡಿತು. ಕರು. ದಿಬ್ಬ ಹತ್ತಲು ಹೋಗಿ ಜಾರುತ್ತಿತ್ತು, ಮತ್ತೆ ಏಳುತ್ತಿತ್ತು. ಬಲಕ್ಕೆ ನೋಡಿದೆ: ಗಿಡಗಳ ಸಂದಿನಲ್ಲಿ ಇನ್ನೂ ನಾಲ್ಕೈದು ನಿಂತಿವೆ, ಒಂದು ಬುಸ್ ಎಂದು ಉಸಿರು ಬಿಡುತ್ತಿದೆ. ತಾಯಿ ಆ ಕಡೆ, ಕರು ಈ ಕಡೆ, ನಡುವೆ ನಮ್ಮ ಗಾಡಿ.

ಇಲ್ಲಿ ನನ್ನ ಹೊಲದ ಮಾತು ಹೇಳಲೇಬೇಕು. ನಮ್ಮ ನವಲಗುಂದ ಕಡೆ ಚಿಗರಿ ಹಿಂಡು ಬಂದು ಹೆಸರು, ಕಡಲೆಯ ಎಳೆ ಬೆಳೆ ಮೇಯುತ್ತವೆ. ರಾತ್ರಿ ಡಬ್ಬಿ ಬಡಿದು ಓಡಿಸುವ ಕೆಲಸ ನನಗೆ ಹೊಸದಲ್ಲ. ಹಿಂಡು ಒಡೆದು ಎರಡಾದರೆ ಹಿಂದೆ ಉಳಿದ ಚಿಗರಿ ದೂರ ಓಡುವುದಿಲ್ಲ. ನಡುವೆ ಮನುಷ್ಯ ಇರಲಿ, ಬೈಕು ಇರಲಿ, ಜಿಗಿದು ಹಿಂಡಿನ ಕಡೆಗೇ ಬರುತ್ತದೆ. ಚಿಗರಿ ಬೈಕನ್ನು ಹಾರಿ ದಾಟುತ್ತದೆ. ಕಾಡೆಮ್ಮೆ ಕಾರನ್ನು ಹಾರುತ್ತದೆಯೇ? ಹಾರ್ನ್ ಹೊಡೆದಿದ್ದರೆ ಅದು ಬರುವ ದಾರಿ ನಮ್ಮ ಮೇಲಿನದೇ.

ಹಿಂದಕ್ಕೆ ಸರಿಯೋಣವೆಂದರೆ ಕುರುಡು ತಿರುವು. ದೊಡ್ಡ ದೀಪ ಆರಿಸಿ, ಹಿಂದಿನಿಂದ ಬರುವವರಿಗೆ ಕಾಣಲೆಂದು ಇಂಡಿಕೇಟರ್ ಎರಡೂ ಮಿನುಗಲು ಬಿಟ್ಟು, ಇಂಜಿನ್ ಆರಿಸಿದೆ. ಷಡ್ಡಕರು ಬಾಗಿಲ ಹಿಡಿಕೆಗೆ ಕೈ ಹಾಕಿದ್ದರು, ಇಳಿದು ವಿಡಿಯೋ ಮಾಡುತ್ತಾರಂತೆ. ಅವರ ಅಂಗಿ ಹಿಡಿದು, "ಸುಮ್ಮ ಕುಂದರೋ" ಎಂದೆ. ಬೀಗತನದಲ್ಲಿ ಏಕವಚನ! ಕೋಣಕ್ಕಿಂತ ಅವರಿಗೆ ಅದೇ ಹೆಚ್ಚು ತಾಗಿದೆ. ತಾಗಲಿ.

ಹಿಂದಿನಿಂದ ಒಂದು ಗೂಡ್ಸ್ ಟೆಂಪೊ ಬಂತು. ಅದರ ಬೆಳಕು ನಮ್ಮ ಗಾಡಿಯೊಳಗೆಲ್ಲ ತುಂಬಿದಾಗ ಕೋಣ ತಲೆ ತಗ್ಗಿಸಿತು. ಹೆಂಡತಿ ಮಗಳ ತಲೆಯನ್ನು ಮಡಿಲಿಗೆ ಒತ್ತಿಕೊಂಡಳು. ಅವ್ವ ಕಣ್ಣು ಮುಚ್ಚಿ ಬಸವಣ್ಣಾ ಬಸವಣ್ಣಾ ಅನ್ನುತ್ತಿದ್ದಳು. ನನ್ನ ಕೈ ಸ್ಟೇರಿಂಗಿಗೆ ಅಂಟಿಕೊಂಡಿತ್ತು, ಬೆವರೋ ಮಳೆಯೋ ತಿಳಿಯಲಿಲ್ಲ. ಟೆಂಪೊದವನು ಆ ಕಡೆಯವನೇ ಇರಬೇಕು, ಯಾರೂ ಹೇಳದೆ ದೀಪ ಆರಿಸಿದ, ಇಂಜಿನ್ ಆರಿಸಿದ. ಮತ್ತೆ ಕತ್ತಲು. ಗಟಾರದಲ್ಲಿ ಕಲ್ಲು ಜಾರುವ ಸಪ್ಪಳ, ನಿಲ್ಲುತ್ತದೆ, ಮತ್ತೆ ಜಾರುತ್ತದೆ. ಎಷ್ಟು ಹೊತ್ತೋ. ಕೊನೆಗೆ ಕರು ಟಾರಿನ ಮೇಲೆ ಬಂದು ನಮ್ಮ ಬಾನೆಟ್ಟಿನ ಮುಂದೆಯೇ ಹಾದು ಆ ಕಡೆ ಸೇರಿತು. ಕೋಣ ಆಮೇಲೂ ಅಲುಗಲಿಲ್ಲ. ಹಿಂಡೆಲ್ಲ ಗಿಡಗಳೊಳಗೆ ಹೋದ ಮೇಲೆ ಗಡಿಬಿಡಿ ಇಲ್ಲದೆ ಇಳಿಜಾರಿಗೆ ಇಳಿಯಿತು. ಟೆಂಪೊದವನು ನಮ್ಮನ್ನು ದಾಟುವಾಗ ಕೈ ಎತ್ತಿದ. ಷಡ್ಡಕರು ಅದನ್ನು ಯಾರಿಗೂ ಹೇಳುವುದಿಲ್ಲ.

ಹೋಗುವವರಿಗೆ ನಾಲ್ಕು ಮಾತು. ಪೆಟ್ರೋಲು ದಾಂಡೇಲಿಯಲ್ಲೇ ತುಂಬಿಸಿಕೊಳ್ಳಿ, ನಕ್ಷೆ ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ. ರೊಟ್ಟಿ ಬುತ್ತಿ ಗಾಡಿಯೊಳಗೇ ಬಿಚ್ಚಿ, ಮುಸ್ಯಾಗಳಿಗೆ ತುಂಡೂ ಹಾಕಬೇಡಿ. ಒಂದು ಕಾಡೆಮ್ಮೆ ದಾಟಿತೆಂದು ಗಾಡಿ ಎತ್ತಬೇಡಿ, ಹಿಂದೆ ಹಿಂಡು ಇರುತ್ತದೆ. ಘಟ್ಟ ಇಳಿದಿದ್ದರೆ ಮಧ್ಯಾಹ್ನದ ಊಟ ಆದ ಕೂಡಲೇ ಹತ್ತಲು ಶುರು ಮಾಡಿ. ಫೋಟೋ ತೆಗೆಯುವವರನ್ನು ಊಟಕ್ಕೆ ಮುಂಚೆಯೇ ದಂಡೆಗೆ ಕಳಿಸಿ.

ಇನ್ನು ಷಡ್ಡಕರ ವಿಡಿಯೋ. ಅವರು ಅದನ್ನು ದೀಪಾವಳಿಗೆ ಬಂದಾಗ ಎಲ್ಲರಿಗೂ ತೋರಿಸಿದರು. ಕತ್ತಲು, ಗಾಜಿನ ಮೇಲಿನ ಹನಿ, ನನ್ನ ಮೊಣಕೈ. ಮುಂದಿನ ಸಲ ತಮ್ಮದೇ ಗಾಡಿ ತರುತ್ತಾರಂತೆ. ಅವರ ಹೆಂಡತಿ ಬರುವುದಿಲ್ಲ ಅಂದಿದ್ದಾಳೆ.